ಕಿವಿಗೆ ಕೇಳದ ಸದ್ದು: ದುಬಾರೆಯ ಆನೆ, ಕಡಲಿನ ತಿಮಿಂಗಿಲ

ದುಬಾರೆ ಆನೆ ಶಿಬಿರಕ್ಕೆ ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮನೆಗೆ ನೆಂಟರು ಬಂದರೆ ಕರೆದುಕೊಂಡು ಹೋಗುವ ಜಾಗ ಅದು. ದೋಣಿಯಲ್ಲಿ ಕಾವೇರಿ ದಾಟುವುದು, ಆನೆ ಸ್ನಾನ ನೋಡುವುದು, ಫೋಟೋ ತೆಗೆಯುವುದು, ವಾಪಸ್ ಬರುವುದು. ಆದರೆ ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ ಮಾತ್ರ ಇವತ್ತಿಗೂ ಮನಸ್ಸಿನಲ್ಲಿ ಹಾಗೇ ಇದೆ. ಸ್ನಾನ ಮುಗಿಸಿ ದಡಕ್ಕೆ ಬಂದು ನಿಂತಿದ್ದ ಹೆಣ್ಣಾನೆಯ ಹಣೆಯ ಚರ್ಮ ಸಣ್ಣಗೆ ಅದುರುತ್ತಿತ್ತು. ನೊಣ ಕೂತರೆ ಹಸುವಿನ ಮೈ ಅದುರುತ್ತಲ್ಲ, ಹಾಗೆ. ನೊಣ ಮಾತ್ರ ಇರಲಿಲ್ಲ.

ನಾನು ನೋಡುತ್ತಿದ್ದುದನ್ನು ಮಾವುತರು ಗಮನಿಸಿದರು. "ಕೈ ಇಡಿ ಅಕ್ಕ, ಏನೂ ಮಾಡಲ್ಲ" ಎಂದರು. ಒದ್ದೆ ಹಣೆಯ ಮೇಲೆ ಅಂಗೈ ಇಟ್ಟೆ. ಒರಟು ಕೂದಲು, ತಣ್ಣನೆಯ ಚರ್ಮ. ಅದರ ಒಳಗಿನಿಂದ ಒಂದು ನಡುಕ. ಅಕ್ಕಿ ಗಿರಣಿ ಓಡುವಾಗ ಅದರ ಗೋಡೆಗೆ ಕೈ ಇಟ್ಟರೆ ಹೇಗಿರುತ್ತದೋ ಹಾಗೆ. ಕಿವಿಗೆ ಏನೂ ಕೇಳಿಸಲಿಲ್ಲ. "ಆಚೆ ಇರೋಳ ಜೊತೆ ಮಾತಾಡ್ತಾ ಇದ್ದಾಳೆ" ಎಂದರು ಅವರು. ಆಚೆ, ಮರಗಳ ಸಂದಿಯಲ್ಲಿ, ಇನ್ನೊಂದು ಆನೆ ನಿಂತಿತ್ತು.

ಆನೆಗಳು ಹೀಗೆ ನಮ್ಮ ಕಿವಿಗೆ ಕೇಳದ ದನಿಯಲ್ಲಿ ಮಾತಾಡುತ್ತವೆ ಎಂದು ವಿಜ್ಞಾನಕ್ಕೆ ಗೊತ್ತಾದದ್ದು ಹೇಗೆ ಎಂದು ಹುಡುಕುತ್ತಾ ಹೋದೆ. ಆ ದಾರಿ ನನ್ನನ್ನು ಕಾಡಿಗೆ ಕರೆದೊಯ್ಯಲಿಲ್ಲ. ನೇರ ಕಡಲಿಗೆ ಕರೆದೊಯ್ಯಿತು. ಅದನ್ನು ಕಂಡುಹಿಡಿದ ಹೆಂಗಸು ಅದಕ್ಕೂ ಮುಂಚೆ ಹದಿನೈದು ವರ್ಷ ತಿಮಿಂಗಿಲಗಳ ಹಾಡು ಕೇಳಿದ್ದವರು. ಹಾಗಾಗಿ ಕತೆಯನ್ನು ನೀರಿನಿಂದಲೇ ಶುರು ಮಾಡಬೇಕು.

ನೀರಿನಲ್ಲಿ ಸದ್ದು

ಹೊಳೆಯಲ್ಲಿ ಆಡಿ ಬೆಳೆದವರಿಗೆ ಈ ಆಟ ಗೊತ್ತಿರುತ್ತದೆ. ಒಬ್ಬರು ನೀರಿನೊಳಗೆ ತಲೆ ಮುಳುಗಿಸಬೇಕು. ಇನ್ನೊಬ್ಬರು ದೂರದಲ್ಲಿ ನೀರಿನೊಳಗೇ ಎರಡು ಕಲ್ಲು ಕುಟ್ಟಬೇಕು. ಆ 'ಟಕ್' ಕಿವಿಯ ಹತ್ತಿರ ಕೇಳುವುದಿಲ್ಲ, ತಲೆಬುರುಡೆಯ ಒಳಗೇ ಕೇಳುತ್ತದೆ. ಯಾವ ಕಡೆಯಿಂದ ಬಂತು ಎಂದು ಹೇಳಲು ಆಗುವುದಿಲ್ಲ. ಗಾಳಿಯಲ್ಲಾದರೆ ಸದ್ದು ಒಂದು ಕಿವಿಗೆ ಸ್ವಲ್ಪ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ಬರುತ್ತದೆ. ಆ ಅಂತರದಿಂದ ಮೆದುಳು ದಿಕ್ಕು ಗುರುತಿಸುತ್ತದೆ. ನೀರಿನಲ್ಲಿ ಸದ್ದು ಎಷ್ಟು ಬೇಗ ಬರುತ್ತದೆಂದರೆ ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟಿಬಿಡುತ್ತದೆ.

ಎಷ್ಟು ಬೇಗ ಎಂದು ಅಳೆದದ್ದು 1826ರಲ್ಲಿ, ಜಿನೀವಾ ಸರೋವರದಲ್ಲಿ. ಡೇನಿಯಲ್ ಕೊಲಾಡನ್ ಮತ್ತು ಚಾರ್ಲ್ಸ್ ಸ್ಟರ್ಮ್ ಎಂಬಿಬ್ಬರು ಎರಡು ದೋಣಿ ತೆಗೆದುಕೊಂಡು ಹೋದರು. ಒಂದು ದೋಣಿಯಿಂದ ನೀರಿನೊಳಗೆ ಗಂಟೆ ಇಳಿಬಿಟ್ಟಿದ್ದರು. ಗಂಟೆ ಹೊಡೆದ ಕ್ಷಣದಲ್ಲೇ ಮೇಲೆ ಮದ್ದಿನ ಪುಡಿ ಹೊತ್ತಿ ಬೆಳಕು ಮಿಂಚುವ ಹಾಗೆ ಕಟ್ಟಿದ್ದರು. 13 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿ ಇನ್ನೊಂದು ದೋಣಿ. ಅಲ್ಲಿ ಕೊಲಾಡನ್ ನೀರಿಗೆ ಇಳಿಸಿದ ಕೊಳವೆಗೆ ಕಿವಿಕೊಟ್ಟು ಕೂತಿದ್ದರು. ಬೆಳಕು ಕಂಡದ್ದಕ್ಕೂ ಗಂಟೆ ಕೇಳಿದ್ದಕ್ಕೂ ನಡುವಿನ ಸೆಕೆಂಡು ಎಣಿಸಿದರು. ಸೆಕೆಂಡಿಗೆ ಸುಮಾರು 1,435 ಮೀಟರ್ ಎಂದು ಲೆಕ್ಕ ಬಂತು. ಗಾಳಿಯಲ್ಲಿ ಸದ್ದಿನ ವೇಗ ಸುಮಾರು 340 ಮೀಟರ್. ಉಪ್ಪುನೀರಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ, ಸುಮಾರು 1,500.

ವೇಗ ಒಂದು ಕಡೆ. ದೂರ ಇನ್ನೊಂದು ಕಡೆ. ಕಡಲಿನಲ್ಲಿ ಬೆಳಕು ಬೇಗ ಸೋಲುತ್ತದೆ. 200 ಮೀಟರ್ ಇಳಿದರೆ ಬಹುತೇಕ ಕತ್ತಲೆ. ತಿಳಿನೀರಿನಲ್ಲೂ ಕಣ್ಣು ಕೆಲವು ಹತ್ತು ಮೀಟರ್ ಆಚೆ ಕಾಣದು. ಸದ್ದು ಹಾಗಲ್ಲ, ಅದರಲ್ಲೂ ದಪ್ಪ ದನಿ ನೀರಿನಲ್ಲಿ ಬಹಳ ಕಮ್ಮಿ ಕರಗುತ್ತದೆ. ಹಾಗಾಗಿ ಕಡಲಿನ ಪ್ರಾಣಿಗೆ ಕಿವಿಯೇ ಕಣ್ಣು. ಇದು ಅರ್ಥವಾಗಿಬಿಟ್ಟರೆ ತಿಮಿಂಗಿಲ ಏಕೆ ಹಾಡುತ್ತದೆ ಎನ್ನುವ ಪ್ರಶ್ನೆ ಅರ್ಧ ಬಿಡಿಸಿದ ಹಾಗೆ.

ಈ ಪ್ರಾಣಿಯ ಹೆಸರು ನೋಡಿ. 'ತಿಮಿ' ಎಂದರೆ ದೊಡ್ಡ ಮೀನು, ಅದನ್ನು ನುಂಗುವುದು 'ತಿಮಿಂಗಿಲ'. ಹಳೇ ಕಾಲದಿಂದಲೂ ನಮಗೆ ಅದರ ಗಾತ್ರ ಗೊತ್ತಿತ್ತು, ಬಾಯಿ ಗೊತ್ತಿತ್ತು. ದನಿ ಗೊತ್ತಿರಲಿಲ್ಲ.

ಶತ್ರುವಿಗಾಗಿ ಇಟ್ಟ ಕಿವಿ

ದನಿ ಗೊತ್ತಿದ್ದವರು ತಿಮಿಂಗಿಲ ಬೇಟೆಯ ನಾವಿಕರು. ಮರದ ಹಡಗಿನ ತಳದಲ್ಲಿ ಮಲಗಿದರೆ ಹಲಗೆಯ ಮೂಲಕ ನರಳಿದ ಹಾಗೆ, ಬಡಿದ ಹಾಗೆ ಸದ್ದು ಕೇಳುತ್ತಿತ್ತು. ಬಡಿಯುವ ಸದ್ದಿನ ಒಡೆಯನಿಗೆ 'ಬಡಗಿ ಮೀನು' ಎಂದು ಹೆಸರಿಟ್ಟಿದ್ದರು. ಅದು ಸ್ಪರ್ಮ್ ತಿಮಿಂಗಿಲ ಎಂದು ಬರೆದಿಟ್ಟದ್ದು 1957ರಲ್ಲಿ. ಅಲ್ಲಿಯವರೆಗೆ ಅದು ನಾವಿಕರ ಮಾತು ಅಷ್ಟೆ.

ವಿಜ್ಞಾನ ನೀರಿಗೆ ಕಿವಿಕೊಟ್ಟದ್ದು ಹೆದರಿಕೆಯಿಂದ. 1912ರಲ್ಲಿ ಟೈಟಾನಿಕ್ ಮುಳುಗಿತು. ಎರಡೇ ವರ್ಷದಲ್ಲಿ ರೆಜಿನಾಲ್ಡ್ ಫೆಸೆಂಡನ್ ನೀರಿನಲ್ಲಿ ಸದ್ದು ಕಳಿಸಿ, ಅದರ ಮಾರ್ದನಿಯಿಂದ ಸುಮಾರು ಎರಡು ಮೈಲಿ ದೂರದ ಹಿಮಗಡ್ಡೆ ಪತ್ತೆ ಮಾಡಿ ತೋರಿಸಿದರು. ಅಷ್ಟರಲ್ಲಿ ಮಹಾಯುದ್ಧ ಬಂತು. ಜಲಾಂತರ್ಗಾಮಿ ಕಣ್ಣಿಗೆ ಕಾಣುವುದಿಲ್ಲ, ಅದರ ಎಂಜಿನ್ ಕೇಳುತ್ತದೆ. ನೀರೊಳಗಿನ ಮೈಕು, ಅಂದರೆ ಹೈಡ್ರೋಫೋನ್, ಯುದ್ಧದ ಉಪಕರಣವಾಯಿತು.

ಎರಡನೇ ಮಹಾಯುದ್ಧದ ಹೊತ್ತಿಗೆ ಸೇನೆಗಳಿಗೆ ಒಂದು ತಲೆನೋವು ಶುರುವಾಯಿತು. ಕಡಲು ಸುಮ್ಮನಿರುವುದೇ ಇಲ್ಲ! ಬೆಚ್ಚಗಿನ ತೀರಗಳಲ್ಲಿ ಕಡಲೆ ಹುರಿದ ಹಾಗೆ ಚಟಪಟ ಸದ್ದು. ನೋಡಿದರೆ ಅದು ಬೆರಳುದ್ದದ ಸೀಗಡಿಗಳು ತಮ್ಮ ಕೊಂಡಿ ಚಿಟಿಕೆ ಹೊಡೆಯುವುದು. ಗೊರಗೊರ, ಡಬಡಬ ಎನ್ನುವ ಮೀನುಗಳು ಬೇರೆ. ಶತ್ರುವಿನ ಸದ್ದು ಯಾವುದು, ಮೀನಿನ ಸದ್ದು ಯಾವುದು ಎಂದು ಬಿಡಿಸಲು ನೌಕಾಪಡೆ ಜೀವವಿಜ್ಞಾನಿಗಳನ್ನು ಕರೆಯಿತು. ಅವರಲ್ಲಿ ಅಮೆರಿಕದ ಮೇರಿ ಪೋಲಂಡ್ ಫಿಶ್ ಒಬ್ಬರು. ಮುನ್ನೂರಕ್ಕೂ ಹೆಚ್ಚು ಜಾತಿಯ ಕಡಲಜೀವಿಗಳ ಸದ್ದನ್ನು ಒಂದೊಂದಾಗಿ ಕೇಳಿ ದಾಖಲೆ ಮಾಡಿದರು. 'ಮೌನ ಕಡಲು' ಎನ್ನುವ ಮಾತನ್ನು ಸುಳ್ಳು ಮಾಡಿದವರಲ್ಲಿ ಅವರ ಹೆಸರು ಮೊದಲು ಬರಬೇಕು ಎಂದು ನನಗನ್ನಿಸುತ್ತದೆ. ಅವರ ಹೆಸರು ಕೇಳಿದವರೇ ಕಮ್ಮಿ.

1942ರಲ್ಲಿ ಇನ್ನೊಂದು ವಿಚಿತ್ರ. ಕಡಲಿನ ಆಳ ಅಳೆಯಲು ಕಳಿಸಿದ ಸದ್ದು ತಳ ಮುಟ್ಟುವ ಮೊದಲೇ, ನೀರಿನ ನಡುವೆಯೇ ಎಲ್ಲೋ ಬಡಿದು ವಾಪಸ್ ಬರುತ್ತಿತ್ತು. ಸುಳ್ಳು ತಳ! ಆ ತಳ ಸಂಜೆಯಾದರೆ ಮೇಲಕ್ಕೆ ಏರುತ್ತಿತ್ತು, ಬೆಳಗಾದರೆ ಇಳಿಯುತ್ತಿತ್ತು. ತಳ ಏರಿಳಿಯುವುದುಂಟೇ? ಅದು ಜೀವಿಗಳ ಪದರ. ಸಣ್ಣ ಮೀನು, ಸೀಗಡಿಯಂಥವು ಕೋಟಿಗಟ್ಟಲೆ ಸೇರಿ ಹಗಲೆಲ್ಲ ಕತ್ತಲ ಆಳದಲ್ಲಿ ಅಡಗಿದ್ದು, ರಾತ್ರಿ ಮೇಲೆ ಬಂದು ಮೇಯುತ್ತವೆ. ನಮ್ಮ ಕಡೆ ಆನೆ ಹಗಲು ಕಾಡಿನಲ್ಲಿದ್ದು ಕತ್ತಲಾದ ಮೇಲೆ ಗದ್ದೆಗೆ ಇಳಿಯುವುದಿಲ್ವಾ, ಅದೇ ಉಪಾಯ. ತಿನ್ನುವಾಗ ಯಾರ ಕಣ್ಣಿಗೂ ಬೀಳಬಾರದು. ಇಡೀ ಭೂಮಿಯ ಕಡಲುಗಳಲ್ಲಿ ಪ್ರತಿ ರಾತ್ರಿ ನಡೆಯುವ ಈ ಓಡಾಟ ಮನುಷ್ಯನಿಗೆ ಗೊತ್ತಾದದ್ದು ಸದ್ದಿನಿಂದ.

ಯುದ್ಧ ಮುಗಿದ ಮೇಲೆ, 1949ರಲ್ಲಿ, ವಿಲಿಯಂ ಶೆವಿಲ್ ಮತ್ತು ಬಾರ್ಬರಾ ಲಾರೆನ್ಸ್ ದಂಪತಿ ಕೆನಡಾದ ಸಾಗೆನೆ ನದಿಯ ಬಾಯಿಗೆ ಹೋದರು. ಅಲ್ಲಿನ ಬಿಳಿ ಬೆಲೂಗಾ ತಿಮಿಂಗಿಲಗಳ ದನಿಯನ್ನು ಹೈಡ್ರೋಫೋನ್ ಇಳಿಸಿ ದಾಖಲಿಸಿದರು. ಸಿಳ್ಳೆ, ಚಿಲಿಪಿಲಿ, ಕಿರುಚಾಟ. ಸ್ವತಂತ್ರವಾಗಿ ಈಜುತ್ತಿದ್ದ ತಿಮಿಂಗಿಲದ ದನಿಯನ್ನು ಬೇಕೆಂದೇ ಕೇಳಲು ಹೋಗಿ, ಇದು ಇದರದೇ ದನಿ ಎಂದು ಗುರುತಿಸಿದ್ದು ಅದೇ ಮೊದಲು.

ಕೆಸರಿನಲ್ಲಿ ಜೀಪು

ಈಗ ಸ್ವಲ್ಪ ಕಷ್ಟದ ವಿಷಯ. ತಿಮಿಂಗಿಲದ ದನಿ ಸಾವಿರಾರು ಕಿ.ಮೀ. ಹೋಗುವುದು ಹೇಗೆ?

ಮಳೆಗಾಲದಲ್ಲಿ ತೋಟದ ರಸ್ತೆಯಲ್ಲಿ ಜೀಪು ಓಡಿಸಿದವರು ಇದನ್ನು ಬೇಗ ಹಿಡಿಯುತ್ತಾರೆ. ಎಡಗಡೆ ಚಕ್ರ ಕೆಸರಿಗೆ ಇಳಿಯಿತು ಅನ್ನಿ. ಆ ಕಡೆ ನಿಧಾನವಾಗುತ್ತದೆ, ಬಲಗಡೆ ಚಕ್ರ ಗಟ್ಟಿ ನೆಲದಲ್ಲಿ ಅದೇ ವೇಗದಲ್ಲಿ ಓಡುತ್ತದೆ. ಜೀಪು ಎಡಕ್ಕೆ, ಕೆಸರಿನ ಕಡೆಗೇ, ತಿರುಗುತ್ತದೆ. ಸದ್ದಿನ ಅಲೆಯೂ ಹೀಗೇ. ಎಲ್ಲಿ ನಿಧಾನವೋ ಅತ್ತ ಬಾಗುತ್ತದೆ.

ಕಡಲಿನಲ್ಲಿ ಮೇಲಿನ ನೀರು ಬೆಚ್ಚಗಿರುತ್ತದೆ, ಅಲ್ಲಿ ಸದ್ದು ವೇಗವಾಗಿ ಓಡುತ್ತದೆ. ಕೆಳಗಿಳಿದ ಹಾಗೆ ನೀರು ತಣ್ಣಗಾಗಿ ಸದ್ದು ನಿಧಾನವಾಗುತ್ತದೆ. ಒಂದು ಹಂತ ದಾಟಿದ ಮೇಲೆ ಚಳಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಆದರೆ ನೀರಿನ ಒತ್ತಡ ಏರುತ್ತಲೇ ಹೋಗುತ್ತದೆ. ಒತ್ತಡ ಏರಿದರೆ ಸದ್ದಿನ ವೇಗ ಮತ್ತೆ ಏರುತ್ತದೆ. ಅಂದರೆ ನಡುವೆ ಒಂದು ಕಡೆ ಸದ್ದು ಅತಿ ನಿಧಾನ. ಅಟ್ಲಾಂಟಿಕ್‌ನಲ್ಲಿ ಅದು ಸಾವಿರದ ಚಿಲ್ಲರೆ ಮೀಟರ್ ಆಳದಲ್ಲಿದೆ. ಮಡಿಕೇರಿ ಕಡಲಮಟ್ಟದಿಂದ ಎಷ್ಟು ಎತ್ತರದಲ್ಲಿದೆಯೋ ಹತ್ತಿರ ಹತ್ತಿರ ಅಷ್ಟೇ ಆಳ. ಆ ಪದರಕ್ಕೆ ಹೊಕ್ಕ ಸದ್ದು ಮೇಲೆ ಹೋಗಲು ನೋಡಿದರೆ ಕೆಳಕ್ಕೆ ಬಾಗುತ್ತದೆ, ಕೆಳಗೆ ಹೋಗಲು ನೋಡಿದರೆ ಮೇಲಕ್ಕೆ ಬಾಗುತ್ತದೆ. ಕೆಸರಿನ ಹಳ್ಳಕ್ಕೆ ಬಿದ್ದ ಜೀಪಿನ ಹಾಗೆ ಅತ್ತಿತ್ತ ತಿರುಗುತ್ತಾ ಅದರೊಳಗೇ ಓಡುತ್ತದೆ. ನೆಲಕ್ಕೆ ಬಡಿದು ಹಾಳಾಗುವುದಿಲ್ಲ, ನೀರಿನ ಮೇಲ್ಮೈಗೆ ಬಡಿದು ಚೆದುರುವುದಿಲ್ಲ.

ಮಾರಿಸ್ ಯೂಯಿಂಗ್ ಮತ್ತು ಜೋ ವೋರ್ಜೆಲ್ ಇದನ್ನು 1944ರಲ್ಲಿ ಬಹಾಮಾಸ್ ಹತ್ತಿರ ಸಿಡಿಮದ್ದು ಸಿಡಿಸಿ ಸಾಬೀತು ಮಾಡಿದರು. ರಷ್ಯಾದ ಲಿಯೊನಿಡ್ ಬ್ರೆಖೋವ್‌ಸ್ಕಿಖ್ ಸ್ವಲ್ಪ ಸಮಯದಲ್ಲೇ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು. ಇದರ ಬಲ ಎಷ್ಟೆಂದರೆ, 1960ರಲ್ಲಿ ಆಸ್ಟ್ರೇಲಿಯಾದ ಪರ್ತ್ ಬಳಿ ಸಿಡಿಸಿದ ಮದ್ದಿನ ಸದ್ದು ಭೂಮಿಯ ಆಚೆ ಮಗ್ಗುಲಲ್ಲಿರುವ ಬರ್ಮುಡಾದಲ್ಲಿ ಕೇಳಿಸಿತು. ಸುಮಾರು 20,000 ಕಿ.ಮೀ. ಹಿಡಿದ ಸಮಯ ಮೂರೂಮುಕ್ಕಾಲು ಗಂಟೆಯ ಹತ್ತಿರ.

ಅಮೆರಿಕದ ನೌಕಾಪಡೆ 1950ರ ದಶಕದಲ್ಲಿ ಈ ಪದರ ಬಳಸಿಕೊಂಡು ಕಡಲತಳದ ಉದ್ದಕ್ಕೂ ಹೈಡ್ರೋಫೋನ್ ಸಾಲು ಹಾಸಿತು. ಸೋವಿಯತ್ ಜಲಾಂತರ್ಗಾಮಿ ಕೇಳುವುದು ಉದ್ದೇಶ. ಕೇಳಿಸಿದ್ದು ಬೇರೆ. 20 ಹರ್ಟ್ಜ್‌ನ ಒಂದು ಬಡಿತ, ಕೆಲವು ಸೆಕೆಂಡು ಬಿಟ್ಟು ಇನ್ನೊಂದು, ಮತ್ತೊಂದು. ಗಂಟೆಗಟ್ಟಲೆ. ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎನ್ನುವ ಲೆಕ್ಕ. ಮನುಷ್ಯನ ಕಿವಿ ಸುಮಾರು 20ರಿಂದ 20,000ದವರೆಗೆ ಕೇಳುತ್ತದೆ. ಅಂದರೆ ಈ ಬಡಿತ ನಮ್ಮ ಕಿವಿಯ ಹೊಸ್ತಿಲಿನಲ್ಲೇ ಇತ್ತು. ಅಷ್ಟು ತಪ್ಪದ ತಾಳ ಪ್ರಾಣಿಯದಾಗಿರಲು ಸಾಧ್ಯವೇ? ಯಂತ್ರ ಎಂದರು ಕೆಲವರು. ತಿಮಿಂಗಿಲದ ಎದೆಬಡಿತವೇ ಇರಬೇಕು ಎಂದರು ಇನ್ನು ಕೆಲವರು. ಸುಳಿವು ಕೊಟ್ಟದ್ದು ನಡುವಿನ ಮೌನ. ಹದಿನೈದು ನಿಮಿಷಕ್ಕೊಮ್ಮೆ ಹೆಚ್ಚುಕಡಿಮೆ ಬಡಿತ ನಿಲ್ಲುತ್ತಿತ್ತು. ಉಸಿರಾಡಲು ಮೇಲೆ ಬರುವ ಪ್ರಾಣಿಗೆ ಮಾತ್ರ ಹಾಗೆ ನಿಲ್ಲಿಸಬೇಕಾಗುತ್ತದೆ. ಅದು ಫಿನ್ ತಿಮಿಂಗಿಲ ಎಂದು 1960ರ ದಶಕದ ಮೊದಲ ಭಾಗದಲ್ಲಿ ಖಚಿತವಾಯಿತು. ಗುರುತಿಸಿದವರಲ್ಲಿ ಅದೇ ಶೆವಿಲ್ ಕೂಡ ಇದ್ದರು.

ಶೀತಲ ಸಮರ ಮುಗಿದ ಮೇಲೆ ಆ ಹೈಡ್ರೋಫೋನ್ ಸಾಲುಗಳನ್ನು ವಿಜ್ಞಾನಿಗಳಿಗೂ ತೆರೆದರು. 1993ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಒಂದೇ ನೀಲಿ ತಿಮಿಂಗಿಲವನ್ನು ದನಿಯಿಂದಲೇ 43 ದಿನ ಹಿಂಬಾಲಿಸಿದರು. ಹಡಗು ಬೇಕಾಗಲಿಲ್ಲ, ಕಣ್ಣಿಗೆ ಕಾಣಬೇಕಾಗಲೂ ಇಲ್ಲ.

ಹಾಡು

ಬರ್ಮುಡಾದಲ್ಲಿ ಫ್ರಾಂಕ್ ವಾಟ್ಲಿಂಗ್ಟನ್ ಎಂಬ ಎಂಜಿನಿಯರ್ ನೌಕಾಪಡೆಗಾಗಿ ನೀರೊಳಗಿನ ಸ್ಫೋಟಗಳನ್ನು ಕೇಳುತ್ತಿದ್ದರು. ಅವರ ಟೇಪಿನಲ್ಲಿ ಬೇರೇನೋ ಬರುತ್ತಿತ್ತು. ನೀಳವಾದ ಕೂಗು, ನರಳಿಕೆ, ಬಾಗಿಲು ಕಿರುಗುಟ್ಟಿದ ಹಾಗೆ ಒಂದು ದನಿ, ಮತ್ತೆ ಆಳಕ್ಕೆ ಇಳಿಯುವ ಗುನುಗು. ಚಳಿಗಾಲ ಕಳೆದು ಹಂಪ್‌ಬ್ಯಾಕ್ ತಿಮಿಂಗಿಲಗಳು ಆ ದಾರಿಯಲ್ಲಿ ಹಾದುಹೋಗುವಾಗ ಮಾತ್ರ ಇದು ಕೇಳುತ್ತಿತ್ತು. ಅವರು ಟೇಪುಗಳನ್ನು ಎಸೆಯಲಿಲ್ಲ. ಬೇಟೆಗಾರರ ಕೈಗೆ ಸಿಕ್ಕರೆ ದನಿ ಹಿಡಿದು ಕೊಲ್ಲುತ್ತಾರೆ ಎಂದು ಹೆದರಿ ಯಾರಿಗೂ ಹೇಳಲೂ ಇಲ್ಲ. 1967ರಲ್ಲಿ ರೋಜರ್ ಪೇನ್ ಮತ್ತು ಕೇಟಿ ಪೇನ್ ಎಂಬ ದಂಪತಿ ಬಂದಾಗ ಅವರಿಗೆ ಕೇಳಿಸಿದರು. ರೋಜರ್ ಪ್ರಾಣಿವಿಜ್ಞಾನಿ. ಕೇಟಿ ಸಂಗೀತ ಕಲಿತವರು. ಈ ಎರಡನೆಯದು ಮುಖ್ಯ.

ಕಿವಿಯಿಂದ ಕೇಳಿದರೆ ಅದು ಬರೀ ಕೂಗಾಟ. ಸದ್ದನ್ನು ಚಿತ್ರ ಮಾಡಿದಾಗ ಗುಟ್ಟು ಬಿಚ್ಚಿತು. ಸ್ಪೆಕ್ಟ್ರೋಗ್ರಾಂ ಎಂಬ ಈ ಚಿತ್ರದಲ್ಲಿ ಕಾಲ ಎಡದಿಂದ ಬಲಕ್ಕೆ ಹರಿಯುತ್ತದೆ. ಮೇಲೆ ಹೋದರೆ ಸಣ್ಣ ದನಿ, ಕೆಳಗೆ ಬಂದರೆ ದಪ್ಪ ದನಿ. ಒಂದು ತರಹದ ಸಂಗೀತದ ಬರವಣಿಗೆಯೇ ಅನ್ನಿ. ಪ್ರಿನ್ಸ್‌ಟನ್‌ನಲ್ಲಿದ್ದ ಸ್ಕಾಟ್ ಮೆಕ್‌ವೇ ಈ ಕೆಲಸಕ್ಕೆ ಜೊತೆಯಾದರು. ಅವರ ಹೆಂಡತಿ ಹೆಲ್ಲಾ ಗಣಿತ ಕಲಿತವರು. ಉದ್ದುದ್ದ ಹಾಳೆಗಳಲ್ಲಿ ಬಂದ ಆ ಗೆರೆಗಳನ್ನು ನೋಡುತ್ತಾ, ಇದು ಮತ್ತೆ ಮತ್ತೆ ಅದೇ ಬರುತ್ತಿದೆಯಲ್ಲ ಎಂದು ಹಿಡಿದವರು ಹೆಲ್ಲಾ. ಸ್ವರಗಳು ಸೇರಿ ಒಂದು ಸಾಲು. ಅದೇ ಸಾಲು ಹಲವು ಸಲ ಬಂದು ಒಂದು ಚರಣ. ಚರಣಗಳು ಒಂದು ಕ್ರಮದಲ್ಲಿ ಬಂದು ಇಡೀ ಹಾಡು. ಏಳೆಂಟು ನಿಮಿಷದಿಂದ ಅರ್ಧ ಗಂಟೆವರೆಗೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. 1971ರಲ್ಲಿ ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ಹೆಸರಲ್ಲಿ ಇದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಹೆಲ್ಲಾ ಹೆಸರು ಲೇಖಕರ ಸಾಲಿನಲ್ಲಿ ಇರಲಿಲ್ಲ. ಅದು ಇರಬೇಕಿತ್ತು.

ಹಾಡುವುದು ಗಂಡು ಮಾತ್ರ. ಒಂದು ಸೀಮೆಯ ಗಂಡುಗಳೆಲ್ಲ ಒಂದೇ ಹಾಡು ಹಾಡುತ್ತವೆ. ಆ ಹಾಡು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಬದಲಾದದ್ದನ್ನು ಎಲ್ಲವೂ ಕಲಿಯುತ್ತವೆ. ಇದನ್ನು ತೋರಿಸಿದ್ದು ಕೇಟಿ. ವರ್ಷಗಟ್ಟಲೆ ಟೇಪು ಕೇಳಿ, ಗೆರೆ ಹೋಲಿಸಿ ಪತ್ತೆ ಮಾಡಿದ ಕೆಲಸ. ಮುಂದೆ 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಇನ್ನೂ ಸೋಜಿಗದ್ದು ನಡೆಯಿತು. ಪೂರ್ವ ಕರಾವಳಿಯ ತಿಮಿಂಗಿಲಗಳು ತಮ್ಮ ಹಾಡನ್ನೇ ಬಿಟ್ಟು, ಎರಡೇ ವರ್ಷದಲ್ಲಿ ಪಶ್ಚಿಮ ಕರಾವಳಿಯ ಹಾಡನ್ನು ಪೂರ್ತಿ ಕಲಿತುಬಿಟ್ಟವು. ಪಕ್ಕದೂರಿನ ಹೊಸ ಹಾಡು ಇಷ್ಟವಾಗಿಬಿಟ್ಟಿತ್ತೋ ಏನೋ.

ಟೇಪಿನ ಹಾಡು 1970ರಲ್ಲಿ ಗ್ರಾಮಫೋನ್ ತಟ್ಟೆಯಾಗಿ ಜನರ ಮನೆಗೆ ಹೋಯಿತು. 1979ರಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ತನ್ನ ಸಂಚಿಕೆಯ ಜೊತೆ ತೆಳು ತಟ್ಟೆಯಾಗಿ ಒಂದು ಕೋಟಿಗೂ ಹೆಚ್ಚು ಪ್ರತಿ ಹಂಚಿತು. ಎಣ್ಣೆ, ಮಾಂಸಕ್ಕಾಗಿ ಕೊಲ್ಲುವ ಪ್ರಾಣಿ ಎಂದಷ್ಟೇ ತಿಳಿದಿದ್ದ ಜನ ಕಿವಿಗೊಟ್ಟರು. ವಾಣಿಜ್ಯ ಬೇಟೆ ನಿಲ್ಲಿಸಬೇಕು ಎಂಬ ಕೂಗಿಗೆ ಬಲ ಬಂತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ನಿಷೇಧಕ್ಕೆ ತೀರ್ಮಾನಿಸಿತು, 1986ರಿಂದ ಅದು ಜಾರಿಗೆ ಬಂತು.

ನಡುವೆ 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಚಿನ್ನದ ಲೇಪದ ತಟ್ಟೆ ಹೊತ್ತು ಹಾರಿದವು. ಅದರಲ್ಲಿ 55 ಭಾಷೆಗಳ ನಮಸ್ಕಾರ ಇದೆ. ಕನ್ನಡವೂ ಇದೆ, "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು" ಎಂದು. ಅದೇ ತಟ್ಟೆಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದ ದನಿಯೂ ಇದೆ. ಎರಡೂ ಈಗ ನಕ್ಷತ್ರಗಳ ನಡುವಿನ ಬಯಲಿನಲ್ಲಿ ಒಟ್ಟಿಗೆ ಹೋಗುತ್ತಿವೆ. ಇದನ್ನು ಓದಿದ ದಿನ ನನಗೆ ಕಣ್ಣು ತುಂಬಿತ್ತು.

ಹಾಡುವುದು ಹೇಗೆ ಎಂಬುದು ಮಾತ್ರ ಬಹಳ ಕಾಲ ಬಗೆಹರಿದಿರಲಿಲ್ಲ. ಬಾಯಿ ತೆರೆಯದೆ, ಗಾಳಿ ಹೊರಗೆ ಬಿಡದೆ ಹಾಡುವುದು ಹೇಗೆ? 2024ರಲ್ಲಿ ಡೆನ್ಮಾರ್ಕ್‌ನ ಕೋಯೆನ್ ಎಲೆಮನ್ಸ್ ತಂಡ ತೀರಕ್ಕೆ ಬಂದು ಸತ್ತ ತಿಮಿಂಗಿಲಗಳ ಗಂಟಲುಗೂಡಿಗೆ ಗಾಳಿ ಊದಿ ನೋಡಿತು. ಅದರಲ್ಲಿ ಇಂಗ್ಲಿಷ್ 'ಯು' ಅಕ್ಷರದ ಆಕಾರದ ಒಂದು ಗಟ್ಟಿ ಮಡಿಕೆ. ಅದು ಎದುರಿಗಿರುವ ಕೊಬ್ಬಿನ ಮೆತ್ತೆಗೆ ಒತ್ತಿಕೊಂಡು ಅದುರುತ್ತದೆ. ಶ್ವಾಸಕೋಶದಿಂದ ಬಂದ ಗಾಳಿ ಮತ್ತೆ ಅಲ್ಲಿಗೇ ಮರಳುತ್ತದೆ. ಆದರೆ ಈ ಏರ್ಪಾಟಿಗೆ ಮಿತಿಯಿದೆ. ಸುಮಾರು 100 ಮೀಟರ್ ಆಳದವರೆಗೆ, ಸುಮಾರು 300 ಹರ್ಟ್ಜ್‌ವರೆಗಿನ ದನಿ ಅಷ್ಟೆ. ಹಡಗುಗಳ ಗದ್ದಲ ತುಂಬಿರುವುದೂ ಸರಿಯಾಗಿ ಅಲ್ಲೇ. ತಿಮಿಂಗಿಲ ದನಿಯ ಹರ್ಟ್ಜ್ ಏರಿಸಿ ಅಥವಾ ಆಳಕ್ಕೆ ಹೋಗಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಲ್ಲಿರುವ ತಿಮಿಂಗಿಲಗಳ ದಾರಿ ಬೇರೆ. ಅವು ಟಿಕ್ ಟಿಕ್ ಸದ್ದು ಕಳಿಸಿ, ಮಾರ್ದನಿಯಿಂದ ಕತ್ತಲಲ್ಲಿ ಬೇಟೆ ಹುಡುಕುತ್ತವೆ. ಬಾವಲಿಯ ಹಾಗೆ. ಸ್ಪರ್ಮ್ ತಿಮಿಂಗಿಲಕ್ಕೆ ಇದರ ಜೊತೆ, ತನ್ನ ಬಳಗದ ಗುರುತಿಗೆ ತಾಳದ ಹಾಗೆ ಎಣಿಸಿ ಬಿಡುವ ಟಿಕ್‌ಗಳೂ ಇವೆ. ನಮ್ಮ ಪತ್ರಿಕೆಗಳಲ್ಲಿ 'ತಿಮಿಂಗಿಲ ವಾಂತಿ ಮಾರಾಟಕ್ಕೆ ಯತ್ನ, ಬಂಧನ' ಎಂದು ಬರುತ್ತದಲ್ಲ, ಆ ಅಂಬರ್‌ಗ್ರಿಸ್ ಇದೇ ಪ್ರಾಣಿಯ ಕರುಳಿನಲ್ಲಿ ಆಗುವಂಥದ್ದು. ನಮ್ಮ ದೇಶದಲ್ಲಿ ಅದರ ವ್ಯಾಪಾರ ಅಪರಾಧ.

ಗದ್ದಲ

ಲಾಕ್‌ಡೌನ್ ದಿನಗಳಲ್ಲಿ ರಸ್ತೆ ಬದಿಯ ಮನೆಯವರಿಗೂ ಹಕ್ಕಿ ದನಿ ಕೇಳಿಸಿತ್ತು, ನೆನಪಿದೆಯಾ? ಕಡಲಿಗೆ ಅಂಥ ಒಂದು ಬಿಡುವು 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸಿಕ್ಕಿತು. ಅಮೆರಿಕ, ಕೆನಡಾ ನಡುವಿನ ಬೇ ಆಫ್ ಫಂಡಿಯಲ್ಲಿ ಹಡಗು ಓಡಾಟ ಇದ್ದಕ್ಕಿದ್ದಂತೆ ಕಮ್ಮಿಯಾಯಿತು, ನೀರಿನ ಗದ್ದಲ 6 ಡೆಸಿಬೆಲ್ ಇಳಿಯಿತು. ಅದೇ ಹೊತ್ತಿಗೆ ರೋಸಲಿಂಡ್ ರೋಲಂಡ್ ಎಂಬವರು ಅಲ್ಲಿನ ರೈಟ್ ತಿಮಿಂಗಿಲಗಳ ಮಲ ಸಂಗ್ರಹಿಸಿ ಪರೀಕ್ಷೆ ಮಾಡುತ್ತಿದ್ದರು. ನಮ್ಮಲ್ಲಿ ಆನೆ ಲದ್ದಿ ನೋಡಿ ಲೆಕ್ಕ ಹಾಕುತ್ತಾರಲ್ಲ, ಅದೇ ರೀತಿಯ ಕೆಲಸ. ಆ ದಿನಗಳಲ್ಲಿ ತಿಮಿಂಗಿಲಗಳ ಮೈಯಲ್ಲಿ ಒತ್ತಡದ ಹಾರ್ಮೋನು ಇಳಿದದ್ದು ಕಂಡುಬಂತು. ಅಂದರೆ ಉಳಿದೆಲ್ಲ ದಿನ ಅವು ನಮ್ಮ ಗದ್ದಲದಲ್ಲಿ ಬಳಲುತ್ತಲೇ ಇದ್ದವು.

ನಮ್ಮ ಮಳೆಯ ಕಡಲು

ಕೊಡಗಿನಲ್ಲಿ ಕೂತು ಕಡಲಿನ ಬಗ್ಗೆ ಬರೆಯುವುದೇಕೆ ಎಂದರೆ, ನಮ್ಮ ಮಳೆ ಹುಟ್ಟುವುದೇ ಅಲ್ಲಿ. ಜೂನಿನಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮವನ್ನು ಮುಳುಗಿಸುವ ಅದೇ ನೈರುತ್ಯ ಮಾರುತ, ಅರಬ್ಬಿ ಕಡಲಿನ ಆಚೆ ದಡದಲ್ಲಿ, ಒಮಾನ್ ತೀರದಲ್ಲಿ, ಮೇಲಿನ ನೀರನ್ನು ತಳ್ಳಿಕೊಂಡು ಹೋಗುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏರುತ್ತದೆ. ಅದರಲ್ಲಿ ಸತ್ವ ಜಾಸ್ತಿ. ಸತ್ವ ಇದ್ದಲ್ಲಿ ಸಣ್ಣ ಜೀವಿ, ಸಣ್ಣ ಜೀವಿ ಇದ್ದಲ್ಲಿ ತಿಮಿಂಗಿಲ.

ಬೇರೆಲ್ಲ ಹಂಪ್‌ಬ್ಯಾಕ್‌ಗಳು ತಣ್ಣನೆ ಕಡಲಿನಲ್ಲಿ ತಿಂದು, ಬೆಚ್ಚನೆ ಕಡಲಿಗೆ ವಲಸೆ ಹೋಗಿ ಮರಿ ಹಾಕುತ್ತವೆ. ಅರಬ್ಬಿ ಕಡಲಿನವು ಹಾಗೆ ಮಾಡುವುದಿಲ್ಲ. ಮಾರುತ ಮನೆಬಾಗಿಲಿಗೇ ಊಟ ತರುವಾಗ ಹೋಗುವುದೇಕೆ? ಸುಮಾರು 70,000 ವರ್ಷಗಳಿಂದ ಅವು ಉಳಿದವುಗಳಿಂದ ಬೇರೆಯಾಗಿವೆ ಎಂದು ವಂಶವಾಹಿ ಅಧ್ಯಯನ ಹೇಳುತ್ತದೆ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಅಕ್ರಮವಾಗಿ ಇಲ್ಲಿಗೆ ಬಂದು 242 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಇವತ್ತು ಒಮಾನ್ ಕಡೆ ಉಳಿದಿರುವುದು ಸುಮಾರು ನೂರು. 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲ ಅಭಯಧಾಮ ಎಂದು ಘೋಷಿಸಿದರು. ಆ ತಿಮಿಂಗಿಲಗಳಿಗೆ ಅದು ತಡವಾಗಿ ಬಂದ ಕಾವಲು.

ನಮಗೆ ಇನ್ನೂ ಹತ್ತಿರದ ಸುದ್ದಿ ಲಕ್ಷದ್ವೀಪದ್ದು. ದಿವ್ಯಾ ಪಣಿಕ್ಕರ್ ಎಂಬ ಸಂಶೋಧಕಿ 2018ರ ಕೊನೆಯಿಂದ 2020ರ ಆರಂಭದವರೆಗೆ ಕವರತ್ತಿ ದ್ವೀಪದ ಹತ್ತಿರ ನೀರೊಳಗೆ ಧ್ವನಿಗ್ರಾಹಕ ಇಟ್ಟರು. ಅದರಲ್ಲಿ ನೀಲಿ ತಿಮಿಂಗಿಲದ ಹಾಡು ಸಿಕ್ಕಿತು. ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ ಅಲ್ಲಿ ಅತಿ ಜಾಸ್ತಿ ಹಾಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಕಾಫಿ ಹೂಮಳೆಯ ಮಾತು ಮುಗಿದು, ನಾವು ಪಶ್ಚಿಮದ ಆಕಾಶ ನೋಡುತ್ತಾ ಮುಂಗಾರಿಗೆ ಕಾಯುವ ದಿನಗಳು ಅವು.

ಮತ್ತೆ ಆನೆ

1984ರ ಮೇ ತಿಂಗಳಲ್ಲಿ ಕೇಟಿ ಪೇನ್ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ಒಂದು ವಾರ ಕೂತಿದ್ದರು. ಅವುಗಳ ಪಕ್ಕ ಇದ್ದಾಗ ಗಾಳಿಯಲ್ಲಿ ಆಗಾಗ ಒಂದು ಮಿಡಿತ. ಸದ್ದೇನೂ ಇಲ್ಲ, ಆದರೆ ಮೈಗೆ ತಾಗುತ್ತದೆ. ಚಿಕ್ಕವರಿದ್ದಾಗ ಚರ್ಚಿನ ದೊಡ್ಡ ಆರ್ಗನ್ ಪಕ್ಕ ನಿಂತು ಹಾಡುತ್ತಿದ್ದಾಗ ಅತಿ ದಪ್ಪ ಸ್ವರಕ್ಕೆ ಹೀಗೇ ಆಗುತ್ತಿದ್ದದ್ದು ಅವರಿಗೆ ನೆನಪಾಯಿತು. ಫಿನ್ ತಿಮಿಂಗಿಲದ 20 ಹರ್ಟ್ಜ್ ಗೊತ್ತಿದ್ದವರಿಗೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ, ಅಲ್ವಾ? ಟೇಪು ಮಾಡಿಕೊಂಡು ಬಂದು ವೇಗವಾಗಿ ಓಡಿಸಿದರು. ವೇಗ ಹೆಚ್ಚಿಸಿದರೆ ದನಿ ಏರುತ್ತದೆ, ನಮ್ಮ ಕಿವಿಗೆ ಸಿಗುತ್ತದೆ. ಆನೆಗಳು ಮಾತಾಡುತ್ತಿದ್ದವು. 14ರಿಂದ 24 ಹರ್ಟ್ಜ್. ದನಿ ಬರುವಾಗ ಹಣೆಯ ಚರ್ಮ ಅದುರುತ್ತದೆ ಎಂಬುದನ್ನೂ ಅವರು ಗಮನಿಸಿದ್ದರು. ಸಂಗಡಿಗರ ಜೊತೆ 1986ರಲ್ಲಿ ಅದನ್ನು ಪ್ರಕಟಿಸಿದರು.

ಕಾಡಿಗೂ ಆಳದ ಕಡಲಿಗೂ ಹೋಲಿಕೆ ಇದೆ. ಎರಡರಲ್ಲೂ ಕಣ್ಣು ದೂರ ಓಡುವುದಿಲ್ಲ. ಗಾಳಿಯಲ್ಲಿ 20 ಹರ್ಟ್ಜ್‌ನ ಒಂದು ಅಲೆ 17 ಮೀಟರ್ ಉದ್ದ. ಅಷ್ಟುದ್ದದ ಅಲೆಗೆ ಮರ, ಪೊದೆ ಲೆಕ್ಕಕ್ಕಿಲ್ಲ. ಆಫ್ರಿಕಾದಲ್ಲಿ ಧ್ವನಿವರ್ಧಕದಿಂದ ಈ ಕರೆ ಕೇಳಿಸಿ ನೋಡಿದಾಗ ಎರಡು ಕಿ.ಮೀ. ದೂರದ ಆನೆಗಳೂ ತಲೆಯೆತ್ತಿ ಓಗೊಟ್ಟವು. ಅಲ್ಲಿನ ಹುಲ್ಲುಗಾಡಿನಲ್ಲಿ ಸಂಜೆ ನೆಲ ತಣ್ಣಗಾದ ಮೇಲೆ ಇದು ಇನ್ನೂ ದೂರ, ಹತ್ತು ಕಿ.ಮೀ.ವರೆಗೂ ಹೋಗಬಲ್ಲದು ಎಂಬ ಲೆಕ್ಕವೂ ಇದೆ. ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆ ಗಾಳಿ. ಮೇಲೆ ಹೋಗುವ ಸದ್ದು ಕೆಳಕ್ಕೆ ಬಾಗುತ್ತದೆ. ಅದೇ ಕೆಸರು, ಅದೇ ಜೀಪು.

ಹೋದ ತಿಂಗಳು ದುಬಾರೆಗೆ ಹೋದಾಗ ಅದೇ ಮಾವುತರು ಸಿಕ್ಕಿದರು. ಕೇಟಿಯ ಕತೆ ಹೇಳಿದೆ. ಆನೆಗೆ ಬೆಲ್ಲ, ಭತ್ತ ಸೇರಿಸಿ ಹುಲ್ಲಿನಲ್ಲಿ ಸುತ್ತಿದ ಉಂಡೆ ಕಟ್ಟುತ್ತಾ ಕೇಳಿಸಿಕೊಂಡರು.

"ಎಷ್ಟು ದಿನ ಕೂತಿದ್ರು ಅವರು?"

"ಒಂದು ವಾರ ಅಣ್ಣ."

"ಒಂದೇ ವಾರಕ್ಕೆ ಹಿಡಿದ್ರಾ!" ಎಂದು ಮೆಚ್ಚಿ ತಲೆಯಾಡಿಸಿದರು. ಉಂಡೆಯನ್ನು ಆನೆಯ ಬಾಯಿಗೆ ಇಟ್ಟು, ಕೈ ಒರೆಸಿಕೊಂಡು ಹೇಳಿದರು: "ನೀವು ಬೆಳಿಗ್ಗೆನೇ ಬರ್ತೀರ ಯಾವಾಗಲೂ. ಸಂಜೆ ಬನ್ನಿ ಅಕ್ಕ, ಚಳಿ ಶುರುವಾದ ಮೇಲೆ. ಆಗ ಜಾಸ್ತಿ ಮಾತಾಡ್ತಾರೆ."